ಶಂಕುವಾದ ಕಣ್ಣು ಮತ್ತು ಸ್ಪರ್ಶಮಸೂರದ ಚರಿತ್ರೆ

ಸ್ಪರ್ಶಮಸೂರವೆಂದರೆ, ಅಂದರೆ ಜನರ ಮಾತಿನಲ್ಲಿರುವ ಕಾಂಟ್ಯಾಕ್ಟ್ ಲೆನ್ಸ್ ಎಂದರೆ, ಸಾಮಾನ್ಯವಾಗಿ ಕಣ್ಮುಂದೆ ಬರುವುದು ತರುಣ ತರುಣಿಯರ ಅಲಂಕಾರ. ಮೂಗಿನ ಮೇಲಿನ ಕನ್ನಡಕವನ್ನು ಮರೆಸುವ ಒಂದು ಉಪಾಯ. ಅಥವಾ ಚಲನಚಿತ್ರದ ನಟನಟಿಯರು ಕಣ್ಣಿನ ಬಣ್ಣವನ್ನು ಬದಲಿಸಿಕೊಳ್ಳುವ ಸಾಧನ. ಆದರೆ ಈ ವಸ್ತುವಿನ ಚರಿತ್ರೆಯನ್ನು ಹಿಂದಕ್ಕೆ ಹಿಂಬಾಲಿಸಿ ಹೋದರೆ ಅದರ ಮೊದಲ ಪುಟಗಳಲ್ಲಿ ಅಲಂಕಾರದ ಸುಳಿವೇ ಕಾಣದು. ಅಲ್ಲಿ ಕಾಣುವುದು, ಯಾವ ಕನ್ನಡಕದಿಂದಲೂ ಪ್ರಯೋಜನ ಹೊಂದದೆ ಹೋದ ಕೆಲವು ರೋಗಿಗಳು ಮತ್ತು ಅವರ ಮುಂದೆ ಕೈಚೆಲ್ಲಿ ಕುಳಿತಿದ್ದ ವೈದ್ಯರು. ಆ ರೋಗಿಗಳಲ್ಲಿ ಮುಖ್ಯರಾದವರು ಕೆರಟೋಕೋನಸ್ ಎಂಬ ನೇತ್ರವ್ಯಾಧಿಗೆ ಒಳಗಾದವರು.

ಕಣ್ಣಿನ ಕರಿಗುಡ್ಡೆಯ ಮುಂದೆ, ಕೈಗಡಿಯಾರದ ಮುಖದ ಮೇಲಿನ ಗಾಜಿನಂತೆ, ಪಾರದರ್ಶಕವಾದ ಒಂದು ಪಟಲವಿದೆ. ಇದೇ ಕಾರ್ನಿಯಾ. ಇದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರು. ಇಷ್ಟು ತೆಳ್ಳಗಿದ್ದರೂ ಬೆಳಕನ್ನು ಬಾಗಿಸುವ ಕೆಲಸದಲ್ಲಿ ಕಣ್ಣಿನ ಒಟ್ಟು ಶಕ್ತಿಯ ಸುಮಾರು ಮೂರರಲ್ಲಿ ಎರಡು ಪಾಲು ಇದರದೇ. ಆರೋಗ್ಯವಾದ ಕಣ್ಣಿನಲ್ಲಿ ಇದು ನುಣುಪಾದ ಗುಮ್ಮಟದಂತಿರುತ್ತದೆ. ಕೆರಟೋಕೋನಸ್ ಬಂದಾಗ ಪಟಲವು ನಡುವಿನಲ್ಲೋ ಸ್ವಲ್ಪ ಕೆಳಗೋ ತೆಳುವಾಗಿ, ಒಳಗಿನ ಒತ್ತಡವನ್ನು ತಾಳಲಾರದೆ, ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಸಾಮಾನ್ಯವಾಗಿ 43 ಡಯಾಪ್ಟರ್‌ಗಳ ಆಸುಪಾಸಿನಲ್ಲಿರುವ ಅದರ ಶಕ್ತಿ 48ಕ್ಕೆ, 55ಕ್ಕೆ, ವಿಪರೀತವಾದಾಗ 60ರ ಆಚೆಗೂ ಏರುತ್ತದೆ. ನೋವಿಲ್ಲ, ಕೆಂಪಿಲ್ಲ, ನೋಡುವವರಿಗೆ ಕಣ್ಣು ಎಂದಿನಂತೆಯೇ ಇರುತ್ತದೆ. ಆದರೆ ರೋಗಿಗೆ ಚಂದ್ರನೊಬ್ಬನು ಮೂರು ನಾಲ್ಕಾಗಿ ಕಾಣುತ್ತಾನೆ. ಬೀದಿಯ ದೀಪಕ್ಕೆ ಬಾಲ ಹುಟ್ಟುತ್ತದೆ. ಓದುವ ಪುಸ್ತಕದ ಒತ್ತಕ್ಷರಗಳು ಮೇಲಿನ ಅಕ್ಷರದೊಡನೆ ಕಲಸಿಹೋಗುತ್ತವೆ. ವ್ಯಾಧಿಯು ಹದಿನಾಲ್ಕು ಹದಿನಾರರ ವಯಸ್ಸಿನಲ್ಲಿ ತಲೆಹಾಕಿ, ಮೂವತ್ತು ನಲವತ್ತರವರೆಗೂ ಬೆಳೆಯುವುದುಂಟು. ಎಂದರೆ ವಿದ್ಯಾಭ್ಯಾಸ, ಉದ್ಯೋಗ, ವಿವಾಹ ಇವೆಲ್ಲ ನಿರ್ಧಾರವಾಗುವ ಕಾಲವೇ ಅದು. ಆರಾರು ತಿಂಗಳಿಗೆ ಕನ್ನಡಕ ಬದಲಾಯಿಸುವ ಹುಡುಗನನ್ನು ಕಂಡು, ಮಂದ ದೀಪದಲ್ಲಿ ಓದಿದ್ದರ ಫಲವೆಂದು ಮನೆಯವರು ಬೈದು ಸುಮ್ಮನಾಗುವುದು ಸಾಮಾನ್ಯ. ಓದಿಗೂ ಇದಕ್ಕೂ ಸಂಬಂಧವಿಲ್ಲ. ಕಣ್ಣನ್ನು ಬಲವಾಗಿ ಉಜ್ಜಿಕೊಳ್ಳುವ ಅಭ್ಯಾಸಕ್ಕೂ ಇದಕ್ಕೂ ಮಾತ್ರ ನಂಟಿದೆಯೆಂದು ನೇತ್ರತಜ್ಞರು ಬಹುಮಟ್ಟಿಗೆ ಒಪ್ಪಿದ್ದಾರೆ.

ಹೆಸರಿನ ವಿಚಾರವೂ ಕುತೂಹಲಕರವಾದದ್ದು. ಗ್ರೀಕಿನ ಕೆರಸ್ ಎಂದರೆ ಕೊಂಬು. ಲ್ಯಾಟಿನ್ನಿನ ಕಾರ್ನು ಎಂದರೂ ಕೊಂಬೇ. ತೆಳ್ಳಗೆ ಸೀಳಿದ ಕೊಂಬಿನ ಹಾಳೆ ಬೆಳಕನ್ನು ಬಿಡುತ್ತದೆಯಾದ್ದರಿಂದ ಈ ಪಟಲಕ್ಕೆ ಆ ಹೆಸರು ಬಂದಿತು. ಕೆರಟೋಕೋನಸ್ ಎಂದರೆ ಕೊಂಬಿನ ಪಟಲದ ಶಂಕು ಎಂದಷ್ಟೇ ಅರ್ಥ. ಪಶ್ಚಿಮದ ಯಾವ ರೋಗದ ಹೆಸರು ಬಂದರೂ ಅದನ್ನು ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಹುಡುಕುವ ಉತ್ಸಾಹ ಕೆಲವರಿಗಿದೆ. ಸುಶ್ರುತಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳನ್ನು ಎಣಿಸಿ, ಅವುಗಳಲ್ಲಿ ನಾಲ್ಕನ್ನು ಕೃಷ್ಣಮಂಡಲದವೆಂದು ಬೇರ್ಪಡಿಸುತ್ತದೆ. ಅವುಗಳಲ್ಲೊಂದಾದ ಅಜಕಾಜಾತವು ಕರಿಗುಡ್ಡೆಯನ್ನು ಭೇದಿಸಿಕೊಂಡು ಮುಂದೆ ಬರುವ ಉಬ್ಬು. ಇದೇ ಕೆರಟೋಕೋನಸ್ ಎಂದು ಹೇಳಿಬಿಡಲು ಮನಸ್ಸಾಗುವುದು ಸಹಜ. ಆದರೆ ಸುಶ್ರುತನು ವರ್ಣಿಸುವ ಉಬ್ಬು ಆಡಿನ ಹಿಕ್ಕೆಯಂಥದು, ನೋವಿನಿಂದ ಕೂಡಿದ್ದು, ಕೆಂಪು ಬಣ್ಣದ್ದು. ಕೆರಟೋಕೋನಸ್ಸಿನಲ್ಲಿ ಪಟಲವು ತಿಳಿಯಾಗಿಯೇ ಇರುತ್ತದೆ, ನೋವೂ ಇರುವುದಿಲ್ಲ. ಆದ್ದರಿಂದ ಈ ಸಮೀಕರಣ ನಿಲ್ಲುವುದಿಲ್ಲ. ಹೊರಗಿನಿಂದ ಬರಿಗಣ್ಣಿಗೆ ಕಾಣದ ರೋಗವನ್ನು ಪ್ರಾಚೀನರು ಗುರುತಿಸಲಿಲ್ಲವೆಂದರೆ ಅವರಿಗೆ ಅದರಿಂದ ಯಾವ ಕುಂದೂ ಇಲ್ಲ.

ಯುರೋಪಿನಲ್ಲಿಯೂ ಗುರುತಿಸುವಿಕೆ ತಡವಾಗಿಯೇ ಆಯಿತು. 18ನೆಯ ಶತಮಾನದಲ್ಲಿ ಡಡೆಲ್, ಮೌಖಾರ್ಟ್ ಮೊದಲಾದವರು ಇಂಥ ಕಣ್ಣುಗಳನ್ನು ವರ್ಣಿಸಿದ್ದುಂಟು. ಆದರೆ ಇದನ್ನು ಉಳಿದ ಉಬ್ಬುಗಳಿಂದ ಸ್ಪಷ್ಟವಾಗಿ ಬೇರೆ ಮಾಡಿ ಒಂದು ಇಡೀ ಗ್ರಂಥವನ್ನೇ ಬರೆದವನು ಲಿವರ್‌ಪೂಲಿನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್, ವರ್ಷ 1854. 1880ರಲ್ಲಿ ಪೋರ್ಚುಗಲ್ಲಿನ ಪ್ಲಾಸಿಡೋ ಎಂಬಾತ ಕಪ್ಪು ಬಿಳುಪು ವರ್ತುಲಗಳನ್ನು ಬರೆದ ಒಂದು ತಟ್ಟೆಯನ್ನು ಮಾಡಿ, ಅದರ ಪ್ರತಿಬಿಂಬವನ್ನು ರೋಗಿಯ ಕಣ್ಣಿನಲ್ಲಿ ನೋಡುವ ಉಪಾಯವನ್ನು ಕಂಡುಹಿಡಿದನು. ಆರೋಗ್ಯವಾದ ಕಣ್ಣಿನಲ್ಲಿ ವರ್ತುಲಗಳು ಕೆರೆಗೆ ಕಲ್ಲೆಸೆದಾಗ ಏಳುವ ಉಂಗುರಗಳಂತೆ ಸಮವಾಗಿ ಕಾಣುತ್ತವೆ. ಶಂಕುವಾದ ಕಣ್ಣಿನಲ್ಲಿ ಒಂದು ಕಡೆ ಒತ್ತೊತ್ತಾಗಿ ಮೊಟ್ಟೆಯಾಕಾರ ತಾಳುತ್ತವೆ. ಇಂದು ಗಣಕಯಂತ್ರವು ಬಣ್ಣಬಣ್ಣವಾಗಿ ಬರೆದುಕೊಡುವ ಕಾರ್ನಿಯಾದ ನಕ್ಷೆಗಳಲ್ಲಿ ಅನೇಕವಕ್ಕೆ ಮೂಲ ಈ ರಟ್ಟಿನ ತಟ್ಟೆಯೇ. ರೋಗ ಕಂಡಿತೇ ಹೊರತು ಚಿಕಿತ್ಸೆ ಕಾಣಲಿಲ್ಲ. ಸಣ್ಣ ರಂಧ್ರದ ಅಥವಾ ಸೀಳಿನ ಮೂಲಕ ನೋಡುವ ಕನ್ನಡಕ, ಪಟಲವನ್ನು ಸುಟ್ಟು ಗಾಯಮಾಡಿ ಅದು ಮಾಯುವಾಗ ಚಪ್ಪಟೆಯಾದೀತೆಂಬ ಆಸೆ, ಇವೇ ಅಂದಿನ ಉಪಾಯಗಳು.

ಈ ಅವಧಿಯಲ್ಲಿ ಮದರಾಸಿನಲ್ಲಿ ನೇತ್ರಚಿಕಿತ್ಸೆಯ ಪರಂಪರೆಯೊಂದು ನೆಲೆಗೊಂಡಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. ಲಂಡನ್ನಿನ ಮೂರ್‌ಫೀಲ್ಡ್ಸ್ ಆಸ್ಪತ್ರೆ ಸ್ಥಾಪನೆಯಾದದ್ದು 1805ರಲ್ಲಿ. ಅದಾದ ಹದಿನಾಲ್ಕೇ ವರ್ಷಗಳಿಗೆ, 1819ರಲ್ಲಿ, ರಾಬರ್ಟ್ ರಿಚರ್ಡ್‌ಸನ್ ಎಂಬ ವೈದ್ಯನ ಆಡಳಿತದಲ್ಲಿ ಮದರಾಸಿನ ಕಣ್ಣಿನ ಆಸ್ಪತ್ರೆ ಆರಂಭವಾಯಿತು. ಇಂದು ಎಗ್ಮೋರಿನಲ್ಲಿರುವ ಸರ್ಕಾರಿ ನೇತ್ರಾಲಯ ಅದೇ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಲ್ಲಿನ ಮುಖ್ಯಸ್ಥನಾಗಿದ್ದ ರಾಬರ್ಟ್ ಹೆನ್ರಿ ಎಲಿಯಟ್ ಗ್ಲಾಕೋಮಾ ರೋಗಕ್ಕೆ ರೂಪಿಸಿದ ಶಸ್ತ್ರಚಿಕಿತ್ಸೆ ಲೋಕಪ್ರಸಿದ್ಧವಾಯಿತು. ಕನ್ನಡಿಗರಿಗೆ ಈ ಆಸ್ಪತ್ರೆ ಪರದೇಶದ್ದೇನೂ ಆಗಿರಲಿಲ್ಲ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ 1956ರವರೆಗೆ ಮದರಾಸು ಆಡಳಿತಕ್ಕೇ ಸೇರಿದ್ದವು. ಮೈಸೂರು ಸಂಸ್ಥಾನದವರಿಗೆ ಬೆಂಗಳೂರಿನ ಮಿಂಟೋ ಆಸ್ಪತ್ರೆ ಹೇಗೋ ಹಾಗೆ, ಮಂಗಳೂರು ಬಳ್ಳಾರಿಗಳವರಿಗೆ ರಾಜಧಾನಿಯ ನೇತ್ರಾಲಯವೆಂದರೆ ಎಗ್ಮೋರಿನದು. ಆದರೆ ಶಂಕುವಾದ ಕಣ್ಣಿನ ರೋಗಿಯೊಬ್ಬನು ಅಲ್ಲಿಗೆ ಬಂದಿದ್ದರೂ ಯುರೋಪಿನಲ್ಲಿಯೇ ಇಲ್ಲದ ಪರಿಹಾರ ಅವನಿಗೆ ಅಲ್ಲಿ ದೊರೆಯುವಂತಿರಲಿಲ್ಲ.

ಪರಿಹಾರದ ಕಲ್ಪನೆ ಹುಟ್ಟಿದ್ದು ವೈದ್ಯರಲ್ಲಿ ಅಲ್ಲ, ಒಬ್ಬ ಖಗೋಳಶಾಸ್ತ್ರಜ್ಞನಲ್ಲಿ. ಸರ್ ಜಾನ್ ಹರ್ಷಲ್ ಬೆಳಕನ್ನು ಕುರಿತು ವಿಶ್ವಕೋಶವೊಂದಕ್ಕೆ ಬರೆದ ದೀರ್ಘ ಪ್ರಬಂಧದಲ್ಲಿ, ಅಂಕುಡೊಂಕಾದ ಕಾರ್ನಿಯಾದ ಮೇಲೆ ಗಾಜಿನ ಬಟ್ಟಲನ್ನಿಟ್ಟು ನಡುವೆ ಪಾರದರ್ಶಕವಾದ ಲೋಳೆಯನ್ನು ತುಂಬಿದರೆ ದೃಷ್ಟಿ ಸರಿಹೋಗಬಹುದೆಂದು ಸೂಚಿಸಿದನು. ಸೂಚನೆ ಸರಳ, ಅದರೊಳಗಿನ ತತ್ತ್ವ ಮಾತ್ರ ಗಹನ. ಹೊಂಡಗಳಿಂದ ಕೂಡಿದ ರಸ್ತೆಯ ಮೇಲೆ ಮಳೆನೀರು ನಿಂತಾಗ ಮೇಲ್ಮೈ ಸಮವಾಗುವಂತೆ, ಮಸೂರಕ್ಕೂ ಕಣ್ಣಿಗೂ ನಡುವೆ ತುಂಬಿಕೊಳ್ಳುವ ಕಣ್ಣೀರು ಕಾರ್ನಿಯಾದ ಏರುತಗ್ಗುಗಳನ್ನು ಮುಚ್ಚುತ್ತದೆ. ಕಣ್ಣೀರಿನ ವಕ್ರೀಭವನಾಂಕ ಸುಮಾರು 1.336, ಕಾರ್ನಿಯಾದ್ದು 1.376, ಇವು ಒಂದಕ್ಕೊಂದು ಇಷ್ಟು ಸಮೀಪವಾದ್ದರಿಂದ ಬೆಳಕು ಎರಡರ ಗಡಿಯನ್ನು ಹೆಚ್ಚು ಬಾಗದೆ ದಾಟುತ್ತದೆ. ಕಣ್ಣಿನ ಹೊಸ ಮುಖವಾಗುವುದು ಮಸೂರದ ನುಣುಪಾದ ಹೊರಮೈ. ಕಣ್ಣಿನಿಂದ ದೂರ ನಿಲ್ಲುವ ಕನ್ನಡಕಕ್ಕೆ ಈ ಕೆಲಸ ಸಾಧ್ಯವಿಲ್ಲ.

1884ರಲ್ಲಿ ಕೊಕೇನ್ ಹನಿಯಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತಿಳಿದ ಮೇಲೆ ಹರ್ಷಲನ ಸೂಚನೆಯನ್ನು ಪ್ರಯೋಗಿಸಿ ನೋಡುವ ಧೈರ್ಯ ಬಂದಿತು. 1887ರಿಂದ 1889ರೊಳಗೆ, ಮೂರು ಊರುಗಳಲ್ಲಿ ಮೂವರು ಈ ಕೆಲಸಕ್ಕೆ ಕೈಹಾಕಿದರು. ಜ್ಯೂರಿಕ್ಕಿನ ಅಡಾಲ್ಫ್ ಫಿಕ್ ಮೊದಲು ಮೊಲಗಳ ಕಣ್ಣಿಗೆ, ಅನಂತರ ತನ್ನ ಕಣ್ಣಿಗೆ, ಆಮೇಲೆ ರೋಗಿಗಳ ಕಣ್ಣಿಗೆ ಗಾಜಿನ ಚಿಪ್ಪುಗಳನ್ನು ತೊಡಿಸಿ, ನಡುವೆ ಸಕ್ಕರೆಯ ದ್ರಾವಣ ತುಂಬಿದನು. ಸ್ಪರ್ಶದ ಕನ್ನಡಕವೆಂಬ ಹೆಸರೂ ಅವನದೇ. ಪ್ಯಾರಿಸ್ಸಿನ ಯೂಜೆನ್ ಕಾಲ್ತ್ ನೇರವಾಗಿ ಕೆರಟೋಕೋನಸ್ ರೋಗಿಗಳಿಗಾಗಿಯೇ ಗಾಜಿನ ಚಿಪ್ಪುಗಳನ್ನು ಮಾಡಿಸಿದನು; 1888ರ ಮಾರ್ಚ್ 20ರಂದು ಅಲ್ಲಿನ ವೈದ್ಯ ಅಕಾಡೆಮಿಯಲ್ಲಿ ಇದರ ವರದಿಯಾಯಿತು. ಮೂರನೆಯವನು ಕೀಲ್ ನಗರದ ಆಗಸ್ಟ್ ಮುಲ್ಲರ್. ತನ್ನದೇ ತೀವ್ರ ಸಮೀಪದೃಷ್ಟಿಯನ್ನು ಪ್ರಯೋಗವಸ್ತುವನ್ನಾಗಿ ಮಾಡಿಕೊಂಡು 1889ರಲ್ಲಿ ಪ್ರಬಂಧ ಬರೆದವನು. ಚಿಪ್ಪನ್ನು ಅರ್ಧ ಗಂಟೆಗಿಂತ ಹೆಚ್ಚು ತಾಳುವುದು ಅವನಿಗೇ ಕಷ್ಟವಾಯಿತು.

ಕಾಲ್ತನ ಮನಸ್ಸಿನಲ್ಲಿದ್ದ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ಎತ್ತಿ ಹೇಳಬೇಕು. ಏಕೆಂದರೆ ಅದು ಇಂದಿಗೂ ಪೂರ್ತಿ ಅಳಿದಿಲ್ಲ. ಮುರಿದ ಕೈಗೆ ದಬ್ಬೆ ಕಟ್ಟುವಂತೆ, ಚಿಪ್ಪು ಶಂಕುವನ್ನು ಒತ್ತಿ ಹಿಂದಕ್ಕೆ ತಳ್ಳುತ್ತದೆಂದು ಅವನು ಭಾವಿಸಿದ್ದನು. ದೃಷ್ಟಿ ಉತ್ತಮವಾದದ್ದು ಒತ್ತಡದಿಂದಲ್ಲ, ನಡುವಿನ ದ್ರವದಿಂದ. ಶಂಕುವಿನ ತುದಿಯನ್ನು ಒತ್ತುವಂತೆ ಚಪ್ಪಟೆಯಾದ ಮಸೂರವನ್ನು ತೊಡಿಸುವ ಪದ್ಧತಿ ಆಮೇಲೂ ಬಹುಕಾಲ ನಡೆಯಿತು. ಅಮೆರಿಕದಲ್ಲಿ 1995ರಿಂದ ಆರಂಭಿಸಿ 1,209 ರೋಗಿಗಳನ್ನು ವರ್ಷಾನುಗಟ್ಟಲೆ ಗಮನಿಸಿದ ಅಧ್ಯಯನವೊಂದು, ಹಾಗೆ ತುದಿಯನ್ನು ತಾಗುವ ಮಸೂರಗಳಿಗೂ ಪಟಲದ ಮೇಲಿನ ಕಲೆಗಳಿಗೂ ಇರುವ ಸಂಬಂಧದ ಕಡೆಗೆ ಬೆರಳು ತೋರಿಸಿತು. ಮಸೂರವು ನೋಟವನ್ನು ಕೊಡುತ್ತದೆ. ರೋಗವನ್ನು ತಡೆಯುವುದೂ ಇಲ್ಲ, ಗುಣಪಡಿಸುವುದೂ ಇಲ್ಲ. ತಾಯಿತಂದೆಯರಿಗೆ ಇದನ್ನು ಬಿಡಿಸಿ ಹೇಳದಿದ್ದರೆ, ಲೆನ್ಸ್ ಹಾಕಿಸಿದೆವು, ಇನ್ನು ಪರೀಕ್ಷೆ ಬೇಡವೆಂದು ಅವರು ಊರಿಗೆ ಹೊರಟುಬಿಡುತ್ತಾರೆ.

ಗಾಜಿನ ಕಾಲ ಸುಮಾರು ಐವತ್ತು ವರ್ಷ ನಡೆಯಿತು. ಆ ಕಾಲದ ನಿಜವಾದ ಶಿಲ್ಪಿ ಬುಡಾಪೆಸ್ಟಿನ ಜೋಸೆಫ್ ಡಲೋಸ್. ಜೀವಂತ ಕಣ್ಣಿನ ಮೇಲೆಯೇ ಅಚ್ಚು ತೆಗೆದು, ಆ ಅಚ್ಚಿಗೆ ಒಪ್ಪುವಂತೆ ಗಾಜನ್ನು ರೂಪಿಸುವ ವಿಧಾನ ಅವನದು. ಯಾವ ಎರಡು ಕಣ್ಣುಗಳೂ ಒಂದೇ ಎರಕದವಲ್ಲವೆಂಬುದು ಅವನ ಕೆಲಸದ ತಳಹದಿ. 1937ರಲ್ಲಿ ಅವನು ಲಂಡನ್ನಿಗೆ ಹೋಗಿ ನೆಲಸಿದನು. 1938ರ ಹೊತ್ತಿಗೆ ಗಾಜಿನ ಸ್ಥಾನದಲ್ಲಿ ಪ್ಲಾಸ್ಟಿಕ್ ಬಂದಿತು. 1948ರಲ್ಲಿ ಅಮೆರಿಕದ ಕೆವಿನ್ ಟೂಹಿ, ಬಿಳಿಗುಡ್ಡೆಯನ್ನು ಮುಟ್ಟದೆ ಕಾರ್ನಿಯಾದ ಮೇಲಷ್ಟೇ ನಿಲ್ಲುವ ಪುಟ್ಟ ಮಸೂರವನ್ನು ಮಾಡಿದನು. ದೊಡ್ಡ ಮಸೂರವನ್ನು ಕಡೆಯುವಾಗ ಅದು ಆಕಸ್ಮಿಕವಾಗಿ ತುಂಡಾಗಿ, ನಡುವಿನ ಚೂರನ್ನೇ ತನ್ನ ಕಣ್ಣಿಗಿಟ್ಟು ನೋಡಿದನೆಂದು ಕಥೆಯಿದೆ. ಅಲ್ಲಿಗೆ ದೊಡ್ಡ ಚಿಪ್ಪಿನ ಯುಗ ಮುಗಿಯಿತೆಂದೇ ಎಲ್ಲರೂ ತಿಳಿದರು.

ಕಾರ್ನಿಯಾಕ್ಕೆ ರಕ್ತನಾಳಗಳಿಲ್ಲ, ಅದು ಉಸಿರಾಡುವುದು ನೇರವಾಗಿ ಗಾಳಿಯಿಂದ. ಹಳೆಯ ಪ್ಲಾಸ್ಟಿಕ್ಕು ಆಮ್ಲಜನಕವನ್ನು ಒಳಗೆ ಬಿಡುತ್ತಿರಲಿಲ್ಲ. ಕೆಲವು ಗಂಟೆಗಳಾಗುವಷ್ಟರಲ್ಲಿ ಪಟಲ ಊದಿ ಮಂಜು ಕವಿಯುತ್ತಿತ್ತು. ಇದಕ್ಕೆ ಪರಿಹಾರ ಎರಡು ದಿಕ್ಕಿನಿಂದ ಬಂದಿತು. ಪ್ರಾಗ್ ನಗರದ ಓಟೋ ವಿಖ್ಟರ್ಲೆ 1961ರ ಕ್ರಿಸ್ಮಸ್ ದಿನಗಳಲ್ಲಿ, ಮಕ್ಕಳು ಆಡುವ ಜೋಡಣೆಯ ಲೋಹದ ತುಂಡುಗಳಿಂದ ಮನೆಯಲ್ಲಿಯೇ ಯಂತ್ರ ಕಟ್ಟಿ, ನೀರು ಹೀರುವ ಮೃದು ಮಸೂರಗಳನ್ನು ತಯಾರಿಸಿದನು. ಲೋಕವೆಲ್ಲ ಈ ಮೃದು ಮಸೂರವನ್ನು ಅಪ್ಪಿಕೊಂಡಿತು. ಆದರೆ ಶಂಕುವಾದ ಕಣ್ಣಿಗೆ ಅದರಿಂದಾದ ಲಾಭ ಅಲ್ಪ. ಒದ್ದೆ ಬಟ್ಟೆ ಕಲ್ಲಿನ ಮೇಲೆ ಬಿದ್ದಂತೆ ಅದು ಶಂಕುವಿನ ಆಕಾರವನ್ನೇ ತಾಳಿಬಿಡುತ್ತದೆ. ಆರಂಭದ ಹಂತಕ್ಕೆ, ಅಥವಾ ವಿಶೇಷವಾಗಿ ದಪ್ಪಗೆ ಮಾಡಿದಾಗ ಮಾತ್ರ, ಅದು ಉಪಯೋಗಕ್ಕೆ ಬರುತ್ತದೆ. ಎರಡನೆಯ ದಾರಿಯೇ ಈ ರೋಗಿಗಳ ಪಾಲಿಗೆ ಮುಖ್ಯವಾದದ್ದು: 1970ರ ದಶಕದಲ್ಲಿ ಸಿಲಿಕೋನ್ ಬೆರೆಸಿದ, ಗಟ್ಟಿಯಾಗಿದ್ದೂ ಆಮ್ಲಜನಕವನ್ನು ಬಿಡುವ ವಸ್ತು ಸಿದ್ಧವಾಯಿತು. ನ್ಯೂಜಿಲೆಂಡಿನ ಹ್ಯಾಮಿಲ್ಟನ್ನಿನ ಪಾಲ್ ರೋಸ್ ಇಂಥ ವಸ್ತುವಿನಿಂದ ಶಂಕುವಾದ ಕಣ್ಣಿಗೆಂದೇ ರೂಪಿಸಿದ ರೋಸ್ ಕೆ ಮಸೂರವು ಭಾರತದಲ್ಲಿಯೂ ಪ್ರಚಾರಕ್ಕೆ ಬಂದಿತು.

ಚೆನ್ನೈ ಈ ಚರಿತ್ರೆಯೊಳಗೆ ಮುಖ್ಯವಾಗಿ ಪ್ರವೇಶಿಸುವುದು ಇಲ್ಲಿಯೇ. 1978ರಲ್ಲಿ ಡಾಕ್ಟರ್ ಎಸ್. ಎಸ್. ಬದರೀನಾಥರು ಶಂಕರ ನೇತ್ರಾಲಯವನ್ನು ಸ್ಥಾಪಿಸಿದರು. 1985ರಲ್ಲಿ ಅದರ ಆಶ್ರಯದಲ್ಲಿ ಎಲೈಟ್ ಸ್ಕೂಲ್ ಆಫ್ ಆಪ್ಟೋಮೆಟ್ರಿ ಆರಂಭವಾಗಿ, ಕಣ್ಣನ್ನು ಅಳೆಯುವ ವಿದ್ಯೆಗೆ ನಾಲ್ಕು ವರ್ಷಗಳ ಪದವಿಶಿಕ್ಷಣ ದೊರೆಯಿತು. ಶಸ್ತ್ರವೈದ್ಯರ ಹೆಸರುಗಳನ್ನು ಬರೆದಿಡುವ ಚರಿತ್ರೆಕಾರರು ಈ ಅಳೆಯುವವರನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಕೆರಟೋಕೋನಸ್ಸಿನ ಮಟ್ಟಿಗೆ ಇದು ಅನ್ಯಾಯ. ಕೋಣೆಯೊಂದರಲ್ಲಿ ರೋಗಿಯನ್ನು ಕೂರಿಸಿ, ನಕ್ಷೆಯನ್ನು ನೋಡಿ, ಪರೀಕ್ಷೆಯ ಪೆಟ್ಟಿಗೆಯಿಂದ ಒಂದು ಮಸೂರವನ್ನು ಆರಿಸಿ ಕಣ್ಣಿಗಿಡುತ್ತಾರೆ. ಮೊದಲು ನೀರು ಸುರಿಯುತ್ತದೆ. ಇಪ್ಪತ್ತು ಮೂವತ್ತು ನಿಮಿಷ ಕಾಯಬೇಕು. ಆಮೇಲೆ ಫ್ಲೋರೆಸಿನ್ ಎಂಬ ಬಣ್ಣವನ್ನು ತಾಗಿಸಿ ನೀಲಿ ಬೆಳಕಿನಲ್ಲಿ ನೋಡಿದರೆ, ಕಣ್ಣೀರು ನಿಂತ ಕಡೆ ಹಚ್ಚ ಹಸಿರು, ಮಸೂರ ತಾಗಿದ ಕಡೆ ಕತ್ತಲೆ. ತುದಿಯಲ್ಲಿ ಕತ್ತಲೆ ದಟ್ಟವಾಗಿದ್ದರೆ ಮಸೂರ ಚಪ್ಪಟೆಯಾಯಿತು; ಹಸಿರು ಕೆರೆಯಂತೆ ತುಂಬಿ ಗುಳ್ಳೆ ನಿಂತರೆ ಕಡಿದಾಯಿತು. ತೆಗೆದು ಮತ್ತೊಂದು, ಅದನ್ನೂ ತೆಗೆದು ಮಗದೊಂದು. ಶಂಕುವಿನ ತುದಿಯನ್ನು ಹಗುರವಾಗಿ ಸವರಿ, ಭಾರವನ್ನು ಸುತ್ತಲೂ ಹಂಚುವ ಮಸೂರ ಸಿಕ್ಕುವವರೆಗೆ ಈ ಕೆಲಸ ನಡೆಯುತ್ತದೆ. ಆಮೇಲೆ ಗೋಡೆಯ ಮೇಲಿನ ಅಕ್ಷರಪಟವನ್ನು ಓದಿಸುತ್ತಾರೆ. ಡಲೋಸನ ಅಚ್ಚಿಗೂ ಈ ಹಸಿರು ಕತ್ತಲೆಗಳಿಗೂ ವಸ್ತುವಿನಲ್ಲಿ ವ್ಯತ್ಯಾಸವೇ ಹೊರತು ಉದ್ದೇಶದಲ್ಲಿ ಇಲ್ಲ.

ಗಟ್ಟಿ ಮಸೂರವನ್ನು ಎಲ್ಲರೂ ತಾಳುವುದಿಲ್ಲ. ಧೂಳಿನ ಒಂದು ಕಣ ಒಳಗೆ ಹೊಕ್ಕರೆ ನಡುಬೀದಿಯಲ್ಲಿ ಕಣ್ಣು ಮುಚ್ಚಿ ನಿಲ್ಲಬೇಕಾಗುತ್ತದೆ. ಚೆನ್ನೈಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಧೂಳಿಗೆ ಕೊರತೆಯಿಲ್ಲ. ಅಂಥವರಿಗೆ ಕೆಳಗೊಂದು ಮೃದು ಮಸೂರವಿಟ್ಟು ಅದರ ಮೇಲೆ ಗಟ್ಟಿಯದನ್ನು ಕೂರಿಸುವ ಪದ್ಧತಿಯುಂಟು. ನಡುವೆ ಗಟ್ಟಿ, ಅಂಚು ಮೃದುವಾದ ಮಿಶ್ರ ಮಸೂರವೂ ಉಂಟು. ಇವೆಲ್ಲಕ್ಕಿಂತ ಗಮನಾರ್ಹವಾದದ್ದು ದೊಡ್ಡ ಚಿಪ್ಪಿನ ಪುನರಾಗಮನ. ಆಸ್ಟ್ರೇಲಿಯದ ಪರ್ತ್ ನಗರದ ಡಾನ್ ಎಝೀಕಿಯಲ್ 1983ರಲ್ಲಿ, ಆಮ್ಲಜನಕ ಬಿಡುವ ಹೊಸ ವಸ್ತುವಿನಿಂದ, ಬಿಳಿಗುಡ್ಡೆಯ ಮೇಲೆ ಕುಳಿತು ಕಾರ್ನಿಯಾವನ್ನು ಮುಟ್ಟದೆ ಕಮಾನಿನಂತೆ ದಾಟುವ ಮಸೂರವನ್ನು ಮಾಡಿದುದನ್ನು ಪ್ರಕಟಿಸಿದನು. ಬಾಸ್ಟನ್ನಿನಲ್ಲಿ ಪೆರಿ ರೋಸೆಂತಾಲ್ ಇದೇ ದಾರಿಯಲ್ಲಿ ಮುಂದುವರಿದು ರೂಪಿಸಿದ ಮಸೂರ ಕಾಲಾನಂತರ ಹೈದರಾಬಾದಿಗೂ ಚೆನ್ನೈಗೂ ಬಂದಿತು. ಹೈದರಾಬಾದಿನ ಆ ಸಂಸ್ಥೆ ಮದರಾಸಿನ ಚಿತ್ರನಿರ್ಮಾಪಕ ಎಲ್. ವಿ. ಪ್ರಸಾದರ ದಾನದಿಂದ ಅವರ ಹೆಸರಿನಲ್ಲಿ ನಿಂತದ್ದು. ಉಪ್ಪುನೀರಿನ ದ್ರಾವಣವನ್ನು ತುಂಬಿ, ತಲೆ ತಗ್ಗಿಸಿ, ಗಾಳಿಗುಳ್ಳೆ ನಿಲ್ಲದಂತೆ ತೊಡಬೇಕು. ಫಿಕ್ ಸಕ್ಕರೆಯ ದ್ರಾವಣದೊಡನೆ ಮಾಡಿದ್ದೂ ಇದನ್ನೇ. ಅವನಿಗಿಲ್ಲದಿದ್ದದ್ದು ಉಸಿರಾಡುವ ಗಾಜು. ನಲ್ಲಿಯ ನೀರನ್ನಾಗಲಿ ಕುದಿಸಿದ ನೀರನ್ನಾಗಲಿ ಯಾವ ಮಸೂರಕ್ಕೂ ತಾಗಿಸಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣನ್ನೇ ಕಳೆಯಬಲ್ಲದು.

ಮಸೂರದ ಶಕ್ತಿಗೆ ಮೀರಿದವರ ದಾರಿ ಕಾರ್ನಿಯಾದ ಕಸಿ. 1905ರಲ್ಲಿ ಎಡ್ವರ್ಡ್ ಝಿರ್ಮ್ ಮಾಡಿ ತೋರಿಸಿದ ಈ ಚಿಕಿತ್ಸೆಗೆ ಭಾರತದಲ್ಲಿ ನೆಲೆ ಸಿದ್ಧವಾದದ್ದು ಎಗ್ಮೋರಿನಲ್ಲಿಯೇ: ದೇಶದ ಮೊದಲ ನೇತ್ರಭಂಡಾರವನ್ನು ಡಾಕ್ಟರ್ ಆರ್. ಇ. ಎಸ್. ಮುತ್ತಯ್ಯನವರು 1945ರಲ್ಲಿ ಅಲ್ಲಿ ತೆರೆದರು. ಕಸಿಗೆ ಬೇಕಾದದ್ದು ಸತ್ತವರ ಕಣ್ಣು. ಅದನ್ನು ಕೊಡಿಸುವುದು ಕಾನೂನಿಗಿಂತ ಹೆಚ್ಚಾಗಿ ಮನಸ್ಸು. ಮದರಾಸಿನ ಸ್ಟುಡಿಯೋಗಳಲ್ಲಿ ಬಹುಕಾಲ ದುಡಿದ ಡಾಕ್ಟರ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ 1994ರಲ್ಲಿ ಬೆಂಗಳೂರಿನಲ್ಲಿ ನೇತ್ರಭಂಡಾರ ಆರಂಭವಾಯಿತು. 2006ರಲ್ಲಿ ಅವರ ಕಣ್ಣುಗಳೂ 2021ರಲ್ಲಿ ಪುನೀತರ ಕಣ್ಣುಗಳೂ ದಾನವಾದವು. ಪುನೀತರ ಎರಡು ಕಾರ್ನಿಯಾಗಳನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ಉಪಯೋಗಿಸಿದರು. ಆದರೆ ಕಸಿಯೇ ಕೊನೆಯಲ್ಲವೆಂಬುದನ್ನು ರೋಗಿಗಳಿಗೆ ಮೊದಲೇ ತಿಳಿಸಬೇಕು: ಹೊಲಿಗೆಯಿಂದ ಹೊಸ ಪಟಲವೂ ಸೊಟ್ಟಗಾಗುವುದುಂಟು, ಆಗ ಮತ್ತೆ ಮಸೂರವೇ ಬೇಕಾಗುತ್ತದೆ.

ರೋಗದ ಬೆಳವಣಿಗೆಯನ್ನೇ ತಡೆಯುವ ಚಿಕಿತ್ಸೆ ದೊರೆತದ್ದು ತೀರ ಇತ್ತೀಚೆಗೆ. ಜರ್ಮನಿಯ ಡ್ರೆಸ್ಡೆನ್ನಿನ ವಿಜ್ಞಾನಿಗಳು ರೈಬೋಫ್ಲಾವಿನ್ ಹನಿ ಹಾಕಿ ಅತಿನೇರಳೆ ಕಿರಣಗಳನ್ನು ಹಾಯಿಸಿ, ಪಟಲದ ಎಳೆಗಳನ್ನು ಒಂದಕ್ಕೊಂದು ಬಿಗಿಯುವ ವಿಧಾನದ ಫಲವನ್ನು 2003ರಲ್ಲಿ ಪ್ರಕಟಿಸಿದರು. ಇದು ಇದ್ದದ್ದನ್ನು ಇದ್ದಂತೆ ನಿಲ್ಲಿಸುತ್ತದೆ; ಕಳೆದ ದೃಷ್ಟಿಯನ್ನು ತರುವುದಿಲ್ಲ. ಆದ್ದರಿಂದ ಬೇಗನೆ ಕಂಡುಹಿಡಿಯುವುದರ ಬೆಲೆ ಹೆಚ್ಚಿತು. ಎಷ್ಟು ಜನರಿಗೆ ಈ ರೋಗವಿದೆಯೆಂಬ ಪ್ರಶ್ನೆಗೆ ದೊರೆಯುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಅಮೆರಿಕದ ಮಿನ್ನೆಸೋಟಾದಿಂದ 1986ರಲ್ಲಿ ಬಂದ ಲೆಕ್ಕ ಲಕ್ಷಕ್ಕೆ ಸುಮಾರು 54. ನಾಗಪುರದ ಬಳಿಯ ಹಳ್ಳಿಗಳಲ್ಲಿ ಮೂವತ್ತು ದಾಟಿದವರನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ್ದು ನೂರಕ್ಕೆ 2.3. ಎರಡನೆಯದು 48 ಡಯಾಪ್ಟರ್ ಮೀರಿದ ಕಣ್ಣನ್ನೆಲ್ಲ ರೋಗವೆಂದೇ ಎಣಿಸಿದ್ದರಿಂದ ಅದನ್ನು ಹಾಗೆಯೇ ಒಪ್ಪಲಾಗದು. ಆದರೂ ಅಳತೆಯ ತಪ್ಪನ್ನು ಎಷ್ಟು ಕಳೆದರೂ ವ್ಯತ್ಯಾಸ ಪೂರ್ತಿ ಕರಗುವುದಿಲ್ಲ. ಭಾರತದಲ್ಲಿ ಈ ರೋಗ ವಿರಳವೆಂಬ ಹಳೆಯ ಮಾತನ್ನು ಬಿಡಬೇಕಾಗುತ್ತದೆ.

ಈ ಚಿಕಿತ್ಸೆ ಪಡೆದ ಹದಿನೇಳರ ಹುಡುಗನೂ, ಕಸಿಯಾಗಿ ಹೊಲಿಗೆ ಬಿಚ್ಚಿಸಿಕೊಂಡ ನಲವತ್ತರ ಗೃಹಸ್ಥನೂ ಮತ್ತೆ ಬಂದು ಕೂರುವುದು ಆ ಪರೀಕ್ಷೆಯ ಪೆಟ್ಟಿಗೆಯ ಮುಂದೆಯೇ. ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ ಪುಟ್ಟ ಬಟ್ಟಲುಗಳು. ಒಂದೊಂದಕ್ಕೂ ಒಂದೊಂದು ಅಂಕಿ. ನೀಲಿ ದೀಪ ಹೊತ್ತುತ್ತದೆ, ಅಳೆಯುವವರು ಮುಂದಕ್ಕೆ ಬಾಗುತ್ತಾರೆ.